ತಿಪ್ಪಯ್ಯನನ್ನು ಇಳಿಸಿದ್ದು

ಮೊರಕ್ಕೆ ಲಗೇಜು ಹಾಕಬೇಕೋ ಬೇಡವೋ ಎಂಬ ಜಗಳ ಬೇಲೂರು ಬಸ್ ನಿಲ್ದಾಣದಲ್ಲಿ ಶುರುವಾಗಿ, ಹಳೇಬೀಡು ದಾಟಿದರೂ ಮುಗಿದಿರಲಿಲ್ಲ.

“ಸೀಟಿನ ಕೆಳಗೆ ಇಡಜ್ಜಿ ಅಂತ ಎಷ್ಟು ಸಲ ಹೇಳ್ಲಿ? ಹತ್ತೋರು ಇಳಿಯೋರಿಗೆಲ್ಲ ಮುಖಕ್ಕೆ ತಾಗ್ತೈತೆ,” ಎಂದು ಕಂಡಕ್ಟರ್ ಮೂರನೇ ಸಲ ರೇಗಿದ.

“ಕಾಲು ತಗುಲೋ ಜಾಗದಲ್ಲಿ ಇದನ್ನ ಇಡಂಗಿಲ್ಲ ಕಣಪ್ಪ,” ಎಂದು ಹನುಮಮ್ಮನೂ ಮೂರನೇ ಸಲ ಅದೇ ಉತ್ತರ ಕೊಟ್ಟು, ಮೊರವನ್ನು ಎದೆಗೆ ಇನ್ನಷ್ಟು ಅವುಚಿಕೊಂಡಳು. ಎಂಬತ್ತಮೂರು ವರ್ಷದ ಮುದುಕಿ, ಒಂದು ಹಿಡಿಯಷ್ಟಿದ್ದಳು. ಮೊರದ ಹಿಂದೆ ಅವಳ ಬಿಳಿ ತುರುಬು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

“ಲಗೇಜು ಹಾಕ್ರೀ, ಹಾಕಿ ಸುಮ್ನಾಗ್ರೀ,” ಎಂದು ಪುಟ್ಟರಾಜು ಜೇಬಿಗೆ ಕೈ ಹಾಕಿದ.

ಇಡೀ ಬಸ್ಸು ಅಮ್ಮ ಮಗನನ್ನೇ ನೋಡುತ್ತಿತ್ತು. ಪುಟ್ಟರಾಜು ಬೇಲೂರಿನ ಹೈಸ್ಕೂಲೊಂದರ ಹೆಡ್‌ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹಿಂದಿನ ಸೀಟಿನಲ್ಲಿ ಅವನ ಹಳೆಯ ಶಿಷ್ಯರಿಬ್ಬರು ಕೂತಿದ್ದರು. ಮೊದಲು “ನಮಸ್ಕಾರ ಸಾರ್” ಎಂದವರು, ಮೊರ ಕಂಡಮೇಲೆ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ್ದರು. ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯ ದಿನ ಪುಟ್ಟರಾಜು ರಜೆ ಹಾಕಿ, ಮುಂಜಾನೆ ಆರೂವರೆಗೆ ಮೇದರ ಮನೆಯ ಬಾಗಿಲು ಬಡಿದು ಎಬ್ಬಿಸಿ, ಹೊಸ ಮೊರವೇ ಆಗಬೇಕೆಂಬ ಅವ್ವನ ಹಟಕ್ಕೆ ಒಂದು ಕೊಂಡು, ಅದನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಟಿದ್ದಾನೆ. ಎಲ್ಲಿಗೆ? ಯಾರ ಹೆಸರು ಕೇಳಿದರೆ ಹತ್ತು ವರ್ಷದಿಂದ ಅವನ ಮೈ ಉರಿಯುತ್ತಿತ್ತೋ ಆ ತಿಪ್ಪಯ್ಯನ ಮಣ್ಣಿಗೆ.

ಸುದ್ದಿ ಬಂದದ್ದು ಆರು ಗಂಟೆಗೆ, ಜಾವಗಲ್ಲಿನ ಫೋನ್ ಬೂತಿನಿಂದ. ತಿಪ್ಪಯ್ಯನ ಮಗ ಉಮೇಶ ಮಾಡಲಿಲ್ಲ. ಮಾಡಿದ್ದು ತಿಪ್ಪಯ್ಯನ ದಾಯಾದಿ ಚಿಕ್ಕಣ್ಣ. “ಏನ್ಲಾ ಪುಟ್ರಾಜ, ತಿಪ್ಪ ಹೋದ ಅಂತ ನಿಮ್ಮವ್ವುಂಗೆ ಹೇಳ್ಲಾ. ಹನ್ನೆರಡಕ್ಕೆ ಎತ್ತದು,” ಎಂದವನು ಉತ್ತರಕ್ಕೂ ಕಾಯದೆ ಇಟ್ಟಿದ್ದ. ಊರು ಬಿಟ್ಟು ಮೂವತ್ತು ವರ್ಷವಾಗಿದೆ, ಎರಡು ಡಿಗ್ರಿ ಇದೆ, ಕೈ ಕೆಳಗೆ ಹದಿನಾಲ್ಕು ಜನ ಮೇಷ್ಟ್ರುಗಳಿದ್ದಾರೆ. ಬೋರನಕೊಪ್ಪಲಿನ ಚಿಕ್ಕಣ್ಣನಿಗೆ ಅವನು ಇವತ್ತಿಗೂ ‘ಏನ್ಲಾ’ನೇ.

“ಅವ್ವ, ಇನ್ನೊಂದು ಸಲ ಯೋಚನೆ ಮಾಡು,” ಎಂದು ಪುಟ್ಟರಾಜು ದನಿ ತಗ್ಗಿಸಿದ. “ಹೋಗಾನ, ಮುಖ ನೋಡಾನ, ಬರಾನ. ಬೇಡ ಅನ್ನಲ್ಲ. ಆದ್ರೆ ಈ ಮೊರ ಯಾಕೆ? ಕಾಲ ಬದಲಾಗೈತೆ. ಇದ್ರಿಂದ ನಮಗೂ ಅವಮಾನ, ಅವರಿಗೂ ಅವಮಾನ.”

“ಎತ್ಕಂಡೋಳು ನಾನು. ಇಳುಸ್ಬೇಕಾದೋಳೂ ನಾನೇ ಅಲ್ವೇನ್ಲಾ?”

“ಇಳಿಸ್ದಿದ್ರೆ ಏನಾಗುತ್ತೆ?”

“ಯಾರ ಕೂಸೂ ಅಲ್ದಂಗೆ ಆಗೋಯ್ತಾನೆ,” ಎಂದಳು ಹನುಮಮ್ಮ. ಅದಕ್ಕಿಂತ ದೊಡ್ಡ ಕಾರಣ ಲೋಕದಲ್ಲಿ ಇದೆಯೇ ಎಂಬಂತೆ ಮೊರದ ಮೇಲಿನಿಂದ ಮಗನನ್ನು ನೋಡಿದಳು.

*

ಅರವತ್ತಾರು ವರ್ಷದ ಹಿಂದಿನ ಮಾತು. ಬೋರನಕೊಪ್ಪಲಿನ ಮುದ್ದಮ್ಮನಿಗೆ ಮೊದಲೆರಡು ಗಂಡು ಕೂಸುಗಳು ಹುಟ್ಟಿ, ಒಂದು ಒಂಬತ್ತನೇ ದಿನಕ್ಕೆ, ಇನ್ನೊಂದು ಮೂರನೇ ತಿಂಗಳಿಗೆ ಹೋಗಿಬಿಟ್ಟಿದ್ದವು. ಮೂರನೆಯದು ಹುಟ್ಟಿದಾಗ ಮನೆಯವರು ಅದಕ್ಕೆ ತೊಟ್ಟಿಲು ಕಟ್ಟುವ ಧೈರ್ಯ ಮಾಡಲಿಲ್ಲ. ಮೂರನೇ ದಿನ ಬೆಳಗ್ಗೆ ಮನೆಯ ಹಿಂದಿನ ತಿಪ್ಪೆಯ ಮೇಲೆ ಹಳೇ ಸೀರೆ ಹಾಸಿ, ಕೂಸನ್ನು ಮಲಗಿಸಿ, ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೇರಿಯಿಂದ ಎತ್ತಿಕೊಳ್ಳಲು ಬರಬೇಕಾಗಿದ್ದವಳು ಹನುಮಮ್ಮನ ಅತ್ತೆ. ಅವಳಿಗೆ ಜ್ವರ. ಹದಿನೇಳರ ಸೊಸೆಯ ಕೈಗೆ ಮೊರ ಕೊಟ್ಟು, ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಸಿ ಕಳಿಸಿದಳು. ಹನುಮಮ್ಮ ತಿಪ್ಪೆಯ ಮುಂದೆ ನಿಂತು ಗಟ್ಟಿಯಾಗಿ ಕೂಗಿದಳು: “ಯಾರದೋ ಕೂಸು ತಿಪ್ಪೇಲಿ ಬಿದ್ದೈತೆ, ಕೇಳೋರು ಇದ್ದೀರಾ?” ಒಳಗಿಂದ ಸದ್ದಿಲ್ಲ. ಮೂರು ಸಲ ಕೂಗಿದಳು. ಮೂರು ಸಲವೂ ಮುಚ್ಚಿದ ಬಾಗಿಲ ಹಿಂದೆ ಮುದ್ದಮ್ಮ ಸೆರಗು ಬಾಯಿಗೆ ತುರುಕಿಕೊಂಡು ಸುಮ್ಮನಿದ್ದಳು. ಕೇಳುವವರಿಲ್ಲ ಎಂದಮೇಲೆ ಅದು ಎತ್ತಿಕೊಂಡವಳದ್ದು. ಹನುಮಮ್ಮ ಕೂಸನ್ನು ಮೊರದಲ್ಲಿಟ್ಟುಕೊಂಡು, “ಹಂಗಾದ್ರೆ ಇದು ನಂದು. ಇವ್ನ ಹೆಸ್ರು ತಿಪ್ಪ,” ಎಂದು ಸಾರಿ ಕೇರಿಗೆ ನಡೆದಳು. ಮಾರನೇ ಬೆಳಗ್ಗೆ ಮುದ್ದಮ್ಮ ಕೇರಿಯ ಬಾಯಿಗೆ ಬಂದು, ಒಂದು ಮೊರ ತೌಡು ಕೊಟ್ಟು, ತನ್ನ ಕೂಸನ್ನು ತಾನೇ ಕೊಂಡುಕೊಂಡು ಹೋದಳು.

ದೊಡ್ಡ ಮನೆಯ ಕೂಸನ್ನು ಹುಡುಕಿಕೊಂಡು ಬರುವ ಜವರಾಯನಿಗೆ, ಇದು ತಿಪ್ಪೆಯಲ್ಲಿ ಸಿಕ್ಕಿದ್ದು, ಕೇರಿಯಿಂದ ತೌಡಿಗೆ ತಂದದ್ದು, ಒಯ್ಯುವಷ್ಟು ಬೆಲೆಯದ್ದಲ್ಲ ಎಂದು ಕಾಣಬೇಕು. ಹೆಸರಿನ ಅರ್ಥ ಇಷ್ಟೇ. ಹೀಗೆ ಎತ್ತಿಸಿಕೊಂಡವನು ಸತ್ತ ದಿನ ಎತ್ತಿಕೊಂಡವರ ಮನೆಯಿಂದ ಹೊಸ ಮೊರ ಬರಬೇಕು. ಗುಂಡಿಗೆ ಇಳಿಸುವಾಗ ತಲೆ ಮೊದಲು ಆ ಮೊರದ ಮೇಲೆ ಬಂದು, ಅಲ್ಲಿಂದ ಮಣ್ಣಿಗೆ ಜಾರಬೇಕು. ಬೋರನಕೊಪ್ಪಲಿನ ಕಡೆಯ ಪದ್ಧತಿ ಹಾಗಿತ್ತು.

ತಿಪ್ಪಯ್ಯ ಬದುಕಿಕೊಂಡ. ರಾಗಿ ಬೆಳೆದ, ತೆಂಗು ಹಾಕಿದ, ಮಾದಮ್ಮನನ್ನು ಮದುವೆಯಾಗಿ ಒಬ್ಬ ಮಗನನ್ನು ಪಡೆದ, ಮರದಿಂದ ಬಿದ್ದು ಎರಡು ಸಲ ಕಾಲು ಮುರಿದುಕೊಂಡ, ಜಾವಗಲ್ ಸಂತೆ ಒಂದೂ ತಪ್ಪಿಸಲಿಲ್ಲ. ಅವನ ಜೀವನದಲ್ಲಿ ನಾಲ್ಕು ಜನ ಕೂತು ಹೇಳಿಕೊಳ್ಳುವಂಥದ್ದು ಏನಾದರೂ ನಡೆದಿದ್ದರೆ ಅದು ಹುಟ್ಟಿದ ಮೂರನೇ ದಿನವೇ ನಡೆದು ಮುಗಿದಿತ್ತು.

*

ಬಸ್ಸು ಅವರನ್ನು ಬೋರನಕೊಪ್ಪಲಿನ ಕೈಮರದ ಹತ್ತಿರ ಇಳಿಸಿ ಜಾವಗಲ್ಲಿನ ಕಡೆ ಹೋಯಿತು. ಹನ್ನೊಂದೂ ಇಪ್ಪತ್ತು. ಊರಿಗೆ ಇನ್ನೂ ಒಂದು ಮೈಲಿ. ಆಟೋ ಇಲ್ಲ, ಎತ್ತಿನ ಗಾಡಿಯೂ ಇಲ್ಲ. ಮೊರ ಕೊಡು, ನಾನು ಹಿಡಿದುಕೊಳ್ಳುತ್ತೇನೆ ಎಂದರೆ ಕೊಡಲಿಲ್ಲ. ತಲೆಯ ಮೇಲೆ ಬಿಸಿಲಿಗೆ ಹಿಡಿದುಕೋ ಎಂದರೆ, “ಅದುಕ್ಕಾ ತಂದಿರದು?” ಎಂದು ಗದರಿದಳು.

ಕುಯ್ದು ಮುಗಿದ ರಾಗಿ ಹೊಲಗಳ ನಡುವೆ ನಡೆಯುತ್ತ ಪುಟ್ಟರಾಜುವಿನ ತಲೆಯೊಳಗೆ ಮೇಷ್ಟ್ರುಗಿರಿ ಶುರುವಾಯಿತು. ಅವನ ಮೊದಲ ನೌಕರಿ ಜಾವಗಲ್ ಕಡೆಯ ಒಂದು ಪ್ರೈಮರಿ ಸ್ಕೂಲಿನಲ್ಲಿ. ಅಲ್ಲಿನ ಹಳೇ ದಾಖಲಾತಿ ಪುಸ್ತಕ ತೆಗೆದರೆ ಪುಟಕ್ಕೆ ಮೂವರು ತಿಪ್ಪಂದಿರು. ತಿಪ್ಪ, ತಿಪ್ಪಣ್ಣ, ತಿಪ್ಪೇಗೌಡ, ಮೇಲಿನ ಮನೆ ತಿಪ್ಪ, ಕುಳ್ಳ ತಿಪ್ಪ. ಇನ್ನೊಂದಿಬ್ಬರು ಕಲ್ಲ, ಗುಂಡ. ಮಕ್ಕಳಿಗೆ ಹೆಸರಿಟ್ಟಿದ್ದಾರೋ ಬೈದಿದ್ದಾರೋ ಎಂದು ಅವನಿಗೆ ಸಿಟ್ಟು ಬರುತ್ತಿತ್ತು. ಜೂನ್ ತಿಂಗಳಲ್ಲಿ ಯಾರಾದರೂ ಮಗನನ್ನು ಕರೆತಂದು “ತಿಪ್ಪ ಅಂತ ಬರ್ಕಳಿ ಸಾ” ಎಂದರೆ, “ಅದೆಲ್ಲ ಬೇಡ, ತಿಲಕ್ ಕುಮಾರ್ ಅಂತ ಬರೀತೀನಿ” ಎಂದು ಅವನೇ ಬರೆದುಬಿಡುತ್ತಿದ್ದ. ಹಾಗೆ ಎಷ್ಟು ತಿಪ್ಪಂದಿರನ್ನು ತಿದ್ದಿದನೋ. ಈಗ ಇಡೀ ಹೋಬಳಿ ಹುಡುಕಿದರೂ ನಲವತ್ತರ ಒಳಗಿನ ಒಬ್ಬ ತಿಪ್ಪ ಸಿಗುವುದಿಲ್ಲ. ಅದರಲ್ಲಿ ತನ್ನ ಪಾಲೂ ಇದೆಯೆಂದು ಪುಟ್ಟರಾಜುವಿಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಯನ್ನು ಈಗ ಬಾಯಿಬಿಟ್ಟು ಹೇಳಿಯೂಬಿಟ್ಟ. “ಅಂಥಾ ಹೆಸರನ್ನೇ ಇಲ್ಲದಂಗೆ ಮಾಡಿದೋನು ನಾನು. ನನ್ನ ಕೈಲಿ ಮೊರ ತರಿಸ್ತೀಯಲ್ಲವ್ವ.”

ಹನುಮಮ್ಮ ನಿಂತಳು. “ನೀನು ಅಳಿಸ್ದೆ ಅಂತ ತಿಳ್ಕಂಡಿದೀಯಾ?”

“ಮತ್ತೆ?”

“ಸೂಜಿ ಬಂತು, ದಾಕ್ಟ್ರು ಬಂದ್ರು, ಮಕ್ಳು ಸಾಯದು ನಿಂತ್ಕಂತು. ಅದ್ಕೇ ಆ ಹೆಸ್ರೂ ನಿಂತೋತು. ನಿನ್ ಪೆನ್ನಿಂದ ಅಲ್ಲ ಕಣ್ಲಾ.” ಒಂದು ಗಳಿಗೆ ಉಸಿರು ತೆಗೆದುಕೊಂಡಳು. “ಒಂದೊಂದ್ ತಿಪ್ಪನ್ ಹಿಂದೇನೂ ಎಲ್ಡೆಲ್ಡು, ಮೂರ್ಮೂರು ಗುಂಡಿ ಇದ್ವು. ನಿನ್ ಪುಸ್ತಕದಾಗೆ ಅದು ಬರ್ದಿರ್ಲಿಲ್ವಾ?”

ಬರೆದಿರಲಿಲ್ಲ. ಪುಟ್ಟರಾಜು ಬೇರೆ ಕಡೆಯಿಂದ ಹರಿಹಾಯ್ದ. “ಸರಿ. ಅವರ ಮಕ್ಕಳು ಸತ್ರೆ ಎತ್ತೋಕೆ ನೀನಿದ್ದೆ. ನನಗಿಂತ ಮುಂಚೆ ನಿನಗೆ ನಾಲ್ಕು ಹೋದ್ವು. ನನ್ನ ಯಾಕೆ ತಿಪ್ಪೆಗೆ ಹಾಕ್ಲಿಲ್ಲ? ನನಗ್ಯಾಕೆ ತಿಪ್ಪ ಅಂತ ಇಡ್ಲಿಲ್ಲ?”

“ಯಾರ್ ಎತ್ಕಬೇಕಾಗಿತ್ತು?” ಎಂದಳು ಹನುಮಮ್ಮ. “ಎತ್ತೋರೇ ನಾವು. ನಮ್ಗಿಂತ ಕೆಳ್ಗೆ ಇನ್ಯಾರವ್ರೆ?”

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಈ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು. ಸಿಟ್ಟೆಲ್ಲ ಪುಟ್ಟರಾಜುವಿಗೇ ಉಳಿಯಿತು. ಇಂಥ ಮಾತು ಇಷ್ಟು ಸಲೀಸಾಗಿ ಹೇಳುವವಳು, ಅದೇ ಮನೆಯವನಿಗಾಗಿ ಬಿಸಿಲಲ್ಲಿ ಮೊರ ಹೊತ್ತು ನಡೆಯುವುದಾದರೂ ಯಾಕೆ?

*

ಹತ್ತು ವರ್ಷದ ಹಿಂದೆ, ತೊಂಬತ್ತನಾಲ್ಕರಲ್ಲಿ, ಪುಟ್ಟರಾಜು ಬೇಲೂರಿನಲ್ಲಿ ಮನೆ ಕಟ್ಟಿಸಿ ಒಕ್ಕಲಾದ. ನಡುಮನೆಯಲ್ಲಿ ಬುದ್ಧನ ದೊಡ್ಡ ಪಟ, ಹೊರಗೆ ಶಾಮಿಯಾನ, ಸಹೋದ್ಯೋಗಿಗಳೆಲ್ಲ ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ತಿಪ್ಪಯ್ಯ ಕುಂಟುತ್ತ ಬಂದ. ಕೈಯಲ್ಲಿ ಮೊರ, ಮೊರದ ತುಂಬ ಹೊಸ ರಾಗಿ, ಮೇಲೊಂದು ಬೆಲ್ಲದಚ್ಚು. ಸುಗ್ಗಿ ಮುಗಿದಮೇಲೆ ಪ್ರತಿವರ್ಷವೂ ಅವನು ಹೀಗೇ ಬರುತ್ತಿದ್ದ. ಊರಲ್ಲಿದ್ದಾಗ ಕೇರಿಯ ಬಾಯಲ್ಲಿ ನಿಂತು, “ಅವ್ವೋ, ತಗಳವ್ವ” ಎಂದು ಕೂಗುತ್ತಿದ್ದ. ಬೇಲೂರಿನಲ್ಲಿ ಮೆಟ್ಟಿಲ ಮೇಲೆ ಕೂತ.

ಪುಟ್ಟರಾಜುವಿನ ಹೆಂಡತಿ ಲತಾಮಣಿ ಸ್ಟೀಲ್ ಲೋಟದಲ್ಲಿ ಕಾಫಿ ತಂದಳು. “ಬ್ಯಾಡ ಕಣವ್ವ, ಪಿತ್ತ ಆಗೈತೆ,” ಎಂದ ತಿಪ್ಪಯ್ಯ.

ಪುಟ್ಟರಾಜು ಅವಳ ಕೈಯಿಂದ ಲೋಟ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಾಗ ತಿಪ್ಪಯ್ಯನ ಕೈಗೇ ಇಟ್ಟ. “ಕುಡೀರಿ. ನಮ್ಮವ್ವನ್ನ ಅವ್ವಾ ಅಂತೀರಲ್ಲ, ಅವಳ ಮನೇಲಿ ಒಂದು ಲೋಟ ಕಾಫಿ ಕುಡಿಯೋಕೆ ಏನ್ ಪಿತ್ತ ನಿಮಗೆ?”

ತಿಪ್ಪಯ್ಯ ಲೋಟ ಹಿಡಿದುಕೊಂಡೇ ಕೂತ. ಕಾಫಿಯನ್ನು ನೋಡಿದ, ಬಾಗಿಲಲ್ಲಿ ನಿಂತಿದ್ದ ಹನುಮಮ್ಮನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನಂತೆ ಕಂಡ. ಆಮೇಲೆ ಲೋಟವನ್ನು ಮೆಲ್ಲಗೆ ಮೆಟ್ಟಿಲ ಮೇಲೆ ಇಟ್ಟ. ಪುಟ್ಟರಾಜು ಅದನ್ನೆತ್ತಿ ಅಂಗಳಕ್ಕೆ ಚೆಲ್ಲಿದ.

“ಇನ್ನು ಈ ಮನೆಗೆ ಬರಬೇಡಿ.”

ತಿಪ್ಪಯ್ಯ ಬರಲಿಲ್ಲ. ರಾಗಿ ಮಾತ್ರ ಪ್ರತಿವರ್ಷ ಯಾರ ಕೈಯಲ್ಲೋ ಬಸ್ಸಿನಲ್ಲಿ ಬರುತ್ತಿತ್ತು. ಆ ರಾಗಿಯ ಮುದ್ದೆಯನ್ನು ಹನುಮಮ್ಮ ಉಣ್ಣುತ್ತಿದ್ದಳು. ಪುಟ್ಟರಾಜು ಹಟಕ್ಕೆ ಚಪಾತಿ ತಿನ್ನುತ್ತಿದ್ದ.

*

ಊರು ಇನ್ನೇನು ಬಂತು ಎನ್ನುವಾಗ ಹನುಮಮ್ಮನಿಗೆ ಕಾಲು ಸೋತಿತು. ಮೋರಿಕಟ್ಟೆಯ ಮೇಲೆ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು.

“ಒಂದು ಲೋಟ ಕಾಫಿ ಕುಡೀದೋನಿಗೆ ಇಷ್ಟೆಲ್ಲ,” ಎಂದ ಪುಟ್ಟರಾಜು. ಗಡಿಯಾರ ನೋಡಿಕೊಂಡ. ಹನ್ನೊಂದೂ ಐವತ್ತು.

“ಕಾಫಿ ಕುಡೀಲಿಲ್ಲ,” ಎಂದಳು ಹನುಮಮ್ಮ. “ಹಾಲ್ ಕುಡ್ದಿದ್ದ.”

“ಯಾವ ಹಾಲು?”

“ನಂದು.”

ಪುಟ್ಟರಾಜು ಅವಳ ಮುಖ ನೋಡಿದ.

“ಅವ್ನ ಎತ್ಕಂಬರಾಕ್ ಮುಂಚೆ ಹದಿನೈದ್ ದಿನ ಆಗಿತ್ತು, ನಮ್ ಮೊದಲ್ನೇದು ಹೋಗಿ. ಎದೆ ಕಟ್ಕಂಡಿತ್ತು. ಕೂಸು ರಾತ್ರಿ ಎಲ್ಲಾ ಕಿರುಚ್ತು. ಹಸೀನ್ ಹಾಲು ಕುಡಿಸ್ರಿ ಅಂದಿದ್ರು, ಅದ್ಕೆ ಒಗ್ಲಿಲ್ಲ. ನಿಮ್ಮಜ್ಜಿ ಜ್ವರದಾಗೆ ಮಲಗಿದ್ಲು. ಬಾಗ್ಲು ಹಾಕ್ಕಂಡು ಕುಡಿಸ್ದೆ. ಹೊಟ್ಟೆ ತುಂಬ ಕುಡ್ದು ಮಲೀಕಂತು.” ಅವಳು ಮೊರದ ಅಂಚಿನ ಸಿಬಿರೊಂದನ್ನು ಉಗುರಿನಿಂದ ಕಿತ್ತಳು. “ಯಾರ್ಗೂ ಹೇಳಿರ್ಲಿಲ್ಲ. ನಿಮ್ಮಪ್ಪಂಗೂ.”

“ಅವರಿಗೆ ಗೊತ್ತಿತ್ತಾ? ತಿಪ್ಪಯ್ಯನಿಗೆ?”

“ನಾನ್ ಹೇಳ್ಲಿಲ್ಲ. ಗೊತ್ತಿತ್ತೋ ಏನೋ.”

ಪುಟ್ಟರಾಜುವಿಗೆ ಕೈಕೈ ಹಿಸುಕಿಕೊಳ್ಳುವಂತಾಯಿತು. “ಅದನ್ನ ಅವತ್ತೇ ಹೇಳಬಾರದಿತ್ತಾ ಅವ್ವ? ಒಕ್ಕಲಾದ ದಿನ, ಅಷ್ಟು ಜನರ ಮುಂದೆ!”

“ಹೇಳಿದ್ರೆ ನೀನು ಆ ಲೋಟ ಹಿಡ್ಕಂಡು ಊರೂರು ಸಾರ್ತಿದ್ದೆ,” ಎಂದು ಹನುಮಮ್ಮ ಎದ್ದಳು. “ಅದು ನಿನ್ ಹಾಲಲ್ಲ, ನಿನ್ ಮಾತೂ ಅಲ್ಲ. ನಡಿ.”

ತಿಪ್ಪಯ್ಯನ ಮನೆಯ ಮುಂದೆ ಹೆಣವಿರಲಿಲ್ಲ. ಹನ್ನೆರಡಕ್ಕೆ ಎಂದದ್ದನ್ನು ಹನ್ನೊಂದೂವರೆಗೇ ಎತ್ತಿ ತೋಟಕ್ಕೆ ಒಯ್ದಿದ್ದರು. ಜಗುಲಿಯ ಕಂಬಕ್ಕೆ ಒಂದು ಪ್ರಿಂಟ್ ಮಾಡಿಸಿದ ಹಾಳೆ ಅಂಟಿಸಿದ್ದರು. ಅದರಲ್ಲಿ ತಿಪ್ಪಯ್ಯನ ಫೋಟೋ, ಕೆಳಗೆ ‘ಶ್ರೀ ಟಿ. ಪ್ರಸಾದ್, ಪ್ರಗತಿಪರ ಕೃಷಿಕರು’ ಎಂದು ದಪ್ಪಕ್ಷರ. ಪುಟ್ಟರಾಜು ಎರಡು ಸಲ ಓದಿದ. ಸತ್ತವನು ಅರವತ್ತಾರು ವರ್ಷ ಹೊತ್ತ ಹೆಸರು ಒಂದೇ ಬೆಳಗಿನೊಳಗೆ ಮಾಯವಾಗಿತ್ತು. ಪುಟ್ಟರಾಜುವಿನ ಪೆನ್ನು ಕೂಡ ಇಷ್ಟು ಚುರುಕಾಗಿ ಕೆಲಸ ಮಾಡಿದ್ದಿಲ್ಲ.

ಹೆಂಗಸರ ನಡುವಿನಿಂದ ಮಾದಮ್ಮ ಎದ್ದು ಬಂದಳು. ಹಣೆ ಬರಿದಾಗಿತ್ತು. ಹನುಮಮ್ಮನ ಮುಂದೆ ಮೂರು ಮಾರು ದೂರದಲ್ಲಿ ನಿಂತಳು, ಅದು ರೂಢಿ. ಆಮೇಲೆ ಆ ಮೂರು ಮಾರನ್ನೂ ದಾಟಿ ಬಂದು ಅವಳ ಭುಜ ಹಿಡಿದುಕೊಂಡಳು.

“ನಿನ್ ಮಗ ಹೋದ ಕಣವ್ವಾ.”

“ಬಿರ್ರನೆ ನಡಿಯವ್ವ,” ಎಂದಳು ಹನುಮಮ್ಮ. “ಮಣ್ಣಾಕ್ಬಿಟ್ಟಾರು.”

ಮಾದಮ್ಮ ತೋಟದ ಕಡೆ ಕೈ ತೋರಿಸಿದಳು. ಹೆಂಗಸರು ಅಲ್ಲಿಗೆ ಹೋಗುವಂತಿಲ್ಲವೆಂದು ಯಾರೋ ಗೊಣಗಿದರು. ಹನುಮಮ್ಮನಿಗೆ ಅದು ಕೇಳಿಸಿತೋ ಇಲ್ಲವೋ, ಅಷ್ಟರಲ್ಲಿ ಅವಳು ಹೊರಟಾಗಿತ್ತು.

ತೋಟದ ಬೇಲಿಬಾಗಿಲಿನ ಉಣಗೋಲಿನ ಹತ್ತಿರವೇ ಉಮೇಶ ಎದುರಾದ. ಪಂಚಾಯಿತಿ ಮೆಂಬರ್, ಬಿಳಿ ಪಂಚೆ, ಸೊಂಟದಲ್ಲಿ ಮೊಬೈಲು. ಮೊರ ಕಂಡದ್ದೇ ಅವನ ಮುಖ ಹುಳ್ಳಗಾಯಿತು. ಹನುಮಮ್ಮನ ಕಡೆ ನೋಡದೆ ಪುಟ್ಟರಾಜುವನ್ನು ಪಕ್ಕಕ್ಕೆ ಕರೆದ.

“ಮೇಷ್ಟ್ರೇ, ನೀವು ಓದಿದೋರು. ನೀವಾದ್ರೂ ಹೇಳಬಾರದಾ?” ಅವನ ದನಿ ಪಿಸುಗುಟ್ಟಿತು. “ನಮ್ಮ ಮಗಳು ಹೇಮಾಶ್ರೀಗೆ ಅರಸೀಕೆರೆ ಕಡೆಯಿಂದ ಗಂಡು ಬಂದೈತೆ. ಬೀಗರಾಗೋರು ಅಲ್ಲಿ ಕೂತವ್ರೆ, ನಂಜುಂಡಯ್ಯ ಅಂತ. ಅಪ್ಪನ ಹೆಸರು ಯಾಕೆ ಹಿಂಗೆ ಅಂತ ಅವರು ಕೇಳೋಕೆ ಮುಂಚೇನೇ ದೇವರ ಹರಕೆ ಹೆಸರು ಅಂದಿದ್ದೀನಿ. ಈಗ ತಿಪ್ಪೆ, ಮೊರ, ತೌಡು ಅಂತ ಎಲ್ಲಾ ಬಿಚ್ಚಿದ್ರೆ... ಕಾಲ ಬದಲಾಗೈತೆ ಮೇಷ್ಟ್ರೇ. ಇದ್ರಿಂದ ನಿಮಗೂ ಅವಮಾನ, ನಮಗೂ ಅವಮಾನ.”

ಬೆಳಗ್ಗೆ ಬಸ್ಸಿನಲ್ಲಿ ತಾನೇ ಆಡಿದ ಮಾತು. ‘ನಮಗೂ’ ‘ನಿಮಗೂ’ ಅದಲುಬದಲಾದದ್ದು ಬಿಟ್ಟರೆ ಒಂದಕ್ಷರ ಆಚೀಚೆಯಿಲ್ಲ. ಅದು ತನ್ನ ಬಾಯಲ್ಲಿದ್ದಾಗ ಎಷ್ಟು ನ್ಯಾಯವಾಗಿತ್ತು! ಉಮೇಶನ ಬಾಯಲ್ಲಿ ಕೇಳಿದಾಗ ಪುಟ್ಟರಾಜುವಿಗೆ ಅವನ ಕೆನ್ನೆಗೆ ಬಿಡಬೇಕು ಎನ್ನಿಸಿತು, ತನ್ನ ಕೆನ್ನೆಗೂ ಒಂದು. ಒಪ್ಪಿಕೊಂಡರೆ ಉಮೇಶನ ಜೊತೆ ಸೇರಿದಂತೆ, ಒಪ್ಪದಿದ್ದರೆ ಮೊರದ ಜೊತೆ.

ಅವನು ಹೀಗೆ ನಿಂತಿರುವಾಗಲೇ ಹನುಮಮ್ಮ ಉಣಗೋಲು ಸರಿಸಿ ಒಳಗೆ ನಡೆದಿದ್ದಳು. ತೆಂಗಿನ ಮರಗಳ ನಡುವೆ ಗುಂಡಿ ತೋಡಿದ್ದರು. ಪಕ್ಕದಲ್ಲಿ ಚಟ್ಟದ ಮೇಲೆ ಬಿಳಿ ಬಟ್ಟೆ ಹೊದ್ದ ತಿಪ್ಪಯ್ಯ. ಗುದ್ದಲಿಗೆ ಒರಗಿ ನಿಂತಿದ್ದ ಚಿಕ್ಕಣ್ಣ ತಲೆಯೆತ್ತಿದ.

“ಬಂದ್ಯಾ ಹನುಮಿ? ನೀನ್ ಬರ್ಲಿ ಅಂತಾನೇ ಮೂಲೆ ಸರೀಗಿಲ್ಲ, ಇನ್ನಷ್ಟು ತೋಡ್ರಲಾ ಅಂತ ಹೊತ್ತಾಕ್ತಿದ್ದೆ.”

ಎಂಬತ್ತಮೂರು ವರ್ಷದವಳನ್ನು ‘ಹನುಮಿ’ ಎನ್ನುವ ಈ ಮನುಷ್ಯನಿಗೆ ಪುಟ್ಟರಾಜು ಒಂದು ದಿನ ಸರಿಯಾಗಿ ಹೇಳಬೇಕೆಂದಿದ್ದ. ಇಡೀ ಊರಿನಲ್ಲಿ ಅವಳಿಗಾಗಿ ಕಾದವನು ಇವನೊಬ್ಬನೇ ಎಂಬುದು ಅವನ ಹೊಟ್ಟೆಯುರಿಯನ್ನು ಇನ್ನಷ್ಟು ಹೆಚ್ಚಿಸಿತು.

ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ನಂಜುಂಡಯ್ಯ ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಯಾರಪ್ಪ ಇವರು, ಮೊರ ತಂದಿರೋರು?”

“ಏನಿಲ್ಲ ಸಾರ್,” ಎಂದು ಉಮೇಶ ಓಡಿಬಂದ. “ಹಳೇ ಆಳು. ನಮ್ಮ ಮನೇಲಿ ಕಸ ಮುಸುರೆ ಮ—”

“ಆಳಲ್ಲ!” ಪುಟ್ಟರಾಜುವಿನ ದನಿ ತೋಟದ ಆಚೆ ಕೊನೆಗೂ ಕೇಳಿಸಿತು. ಗುಂಡಿ ತೋಡುತ್ತಿದ್ದವರು ನಿಲ್ಲಿಸಿದರು. “ಆಳಲ್ಲ ಇವಳು. ನಿಮ್ಮಪ್ಪ ಕಾಫಿ ಕುಡೀಲಿಲ್ಲ ಅಲ್ವಾ, ಕೇಳಿ ಇಲ್ಲಿ, ನಮ್ಮವ್ವ ನಿಮ್ಮಪ್ಪನಿಗೆ—”

“ಪುಟ್ರಾಜ.”

ಹನುಮಮ್ಮ ಕೂಗಲಿಲ್ಲ, ತಿರುಗಿಯೂ ನೋಡಲಿಲ್ಲ. ಪುಟ್ಟರಾಜುವಿನ ಬಾಯಿ ತೆರೆದಂತೆಯೇ ನಿಂತಿತು. ಹತ್ತು ವರ್ಷದ ಸಿಟ್ಟಿಗೆ ಇವತ್ತು ಸಿಕ್ಕಿದ್ದ ಮಾತು, ಈಗ ಎಲ್ಲರೂ ಕಿವಿಗೊಟ್ಟು ನಿಂತಿರುವ ಹೊತ್ತಿನಲ್ಲಿ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅದನ್ನು ಅವನು ನುಂಗಿಕೊಂಡ.

ನಂಜುಂಡಯ್ಯ ಮೊರವನ್ನೇ ನೋಡುತ್ತಿದ್ದರು.

“ಹರಕೆ ಹೆಸರು ಅಂದ್ರಲ್ಲ ಉಮೇಶ್,” ಎಂದರು ಕೊನೆಗೆ. “ನಮ್ಮ ದೊಡ್ಡಣ್ಣನ ಹೆಸರೂ ತಿಪ್ಪಣ್ಣಾನೇ. ನಮ್ಮ ಕಾಲದಲ್ಲಿ ಯಾವ ಮನೇಲಿ ಒಬ್ಬ ತಿಪ್ಪ ಇರ್ಲಿಲ್ಲ ಹೇಳಿ? ನಮ್ಮ ತಾಯಿಗೂ ಮುಂಚೆ ಮೂರು ಹೋಗಿದ್ವು.” ಅವರು ತಮ್ಮ ಚಪ್ಪಲಿಯ ಕಡೆ ನೋಡಿಕೊಂಡರು. “ಅಣ್ಣ ಸತ್ತಾಗ ಎತ್ತಿಕೊಂಡವರ ಮನೆಯೋರು ಮೊರ ತಂದು ಗೇಟಿನ ಹತ್ರ ನಿಂತಿದ್ರು, ಸಾಯಂಕಾಲದವರೆಗೂ. ನಾವು ಒಳಗೆ ಕರೀಲಿಲ್ಲ.”

ಉಮೇಶ ಯಾರಿಂದ ಬಚ್ಚಿಟ್ಟಿದ್ದನೋ ಅವರ ಮನೆಯಲ್ಲೇ ಅದು ಕೂತಿತ್ತು. ಆದರೂ ಸೋಲೊಪ್ಪಲು ಮನಸ್ಸಾಗದೆ, “ಇಳಿಸಲಿ ಸಾರ್, ನಾನೇನು ಬೇಡ ಅಂದ್ನಾ? ಆದ್ರೆ ಅಜ್ಜಿ ಕೈಲಿ ಆಗಲ್ಲ. ಎದೆಯುದ್ದ ಗುಂಡಿ. ಇಳಿದ್ರೆ ಹತ್ತೋಕಾಗಲ್ಲ, ಬಿದ್ರೆ ಇನ್ನೊಂದು ಹೆಣ,” ಎಂದ.

ಅದು ನಿಜವೇ ಆಗಿತ್ತು. ಹನುಮಮ್ಮ ಗುಂಡಿಯ ಅಂಚಿಗೆ ಬಂದು ಇಣುಕಿದಳು. ಒಂದು ಕಾಲು ಮುಂದಿಟ್ಟಳು. ಮಣ್ಣು ಜರಿದು ಒಳಗೆ ಬಿತ್ತು. ಕಾಲು ಹಿಂದೆ ತೆಗೆದುಕೊಂಡಳು. ಮತ್ತೊಂದು ಕಡೆಯಿಂದ ನೋಡಿದಳು. ಬೆಳಗಿನಿಂದ ಯಾರಿಗೂ ಕೊಡದೆ ಅವುಚಿಕೊಂಡಿದ್ದ ಮೊರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಹದಿನೇಳನೇ ವಯಸ್ಸಿನಲ್ಲಿ ಆದದ್ದು ಈಗ ಆಗುವುದಿಲ್ಲವೆಂದು ಅವಳಿಗೆ ಆಗಲೇ ತಿಳಿದದ್ದು ಅಂತ ಕಾಣುತ್ತದೆ. ಅವಳು ಯಾರ ಕಡೆಯೂ ನೋಡಲಿಲ್ಲ.

“ಥತ್!” ಎಂದ ಪುಟ್ಟರಾಜು. ಯಾರಿಗೆ ಅಂದನೋ ಅವನಿಗೇ ಗೊತ್ತಿಲ್ಲ. ಚಪ್ಪಲಿ ಬಿಟ್ಟ. ಪೆನ್ನುಗಳನ್ನು ತೆಗೆದು ಚಿಕ್ಕಣ್ಣನ ಕೈಗೆ ಕೊಟ್ಟ. ಪ್ಯಾಂಟು ಮಡಿಚಿ, ಅಂಚಿನಲ್ಲಿ ಕೂತು, ಗುಂಡಿಯೊಳಗೆ ಇಳಿದ. ಹಸಿ ಮಣ್ಣು ಅಂಗಿಯ ಬೆನ್ನಿಗೆಲ್ಲ ಮೆತ್ತಿಕೊಂಡಿತು.

“ಕೊಡವ್ವ ಮೊರ.”

ಹನುಮಮ್ಮ ಈ ಸಲ ಕೊಟ್ಟಳು.

ಬಟ್ಟೆಯ ನಾಲ್ಕು ಮೂಲೆ ಹಿಡಿದು ಅವರು ತಿಪ್ಪಯ್ಯನನ್ನು ಇಳಿಸತೊಡಗಿದರು. ಪುಟ್ಟರಾಜು ಮೊರ ಹಿಡಿದು ತಲೆಯ ಕಡೆ ನಿಂತ. ಅವನಿಗೆ ಇನ್ನೂ ಎಲ್ಲರ ಮೇಲೂ ಸಿಟ್ಟಿತ್ತು. ಉಮೇಶನ ಮೇಲೆ, ಚಿಕ್ಕಣ್ಣನ ಮೇಲೆ, ಬಾಯಿಬಿಡದ ತಾಯಿಯ ಮೇಲೆ, ಅಂಗಳಕ್ಕೆ ಚೆಲ್ಲಿದ ಕಾಫಿಯ ಮೇಲೆ, ಆ ಲೋಟ ಹಿಡಿದು ಏನು ಹೇಳಲು ಹೊರಟಿದ್ದೆಂದು ಹೇಳದೆ ಸತ್ತ ಈ ಮನುಷ್ಯನ ಮೇಲೆ. ತಲೆ ಮೊರದ ಮೇಲೆ ಬಂದು ಕೂತಿತು. ಅಷ್ಟು ಭಾರವಿರಬಹುದೆಂದು ಅವನು ಎಣಿಸಿರಲಿಲ್ಲ. ಮೊರ ಒಂದು ಕಡೆ ವಾಲಿ, ತಲೆ ಪಕ್ಕಕ್ಕೆ ಹೊರಳಿತು.

“ಮೆತ್ತಗೆ ಕಣ್ಲಾ!” ಮೇಲಿನಿಂದ ಹನುಮಮ್ಮ ಗದರಿದಳು. ಅಂಚಿನಲ್ಲಿ ಮಂಡಿಯೂರಿ, ಎರಡೂ ಕೈ ಚಾಚಿಕೊಂಡು ಕೂತಿದ್ದಳು. “ಕತ್ತಿನ್ನೂ ನಿಂತಿಲ್ಲ ಕೂಸಿಗೆ.”

ಯಾರೂ ನಗಲಿಲ್ಲ. ಪುಟ್ಟರಾಜು ಮೊರವನ್ನು ಮಂಡಿಗೆ ಆನಿಸಿಕೊಂಡು, ಎಡಗೈಯನ್ನು ತಿಪ್ಪಯ್ಯನ ನರೆತ ಕತ್ತಿನ ಕೆಳಗೆ ಕೊಟ್ಟು ಹಿಡಿದ.